ತಿರುವಿ ನೋಡಿದ ದುರ್ಬೀನು

ಪ್ರಾಮಾಣಿಕನೆಂದರೆ ಯಾರು? ತಪ್ಪನ್ನೇ ಮಾಡದವನೋ, ತನ್ನಲ್ಲಿ ತಪ್ಪಿರಬಹುದೆಂದು ಹುಡುಕುವವನೋ? ಗುರುಮಠದ ತತ್ತ್ವಶಾಸ್ತ್ರದ ತರಗತಿಯಲ್ಲಿ ಈ ಪ್ರಶ್ನೆಗೆ ನಾನು ಬರೆದ ಉತ್ತರ ಈಗ ನೆನಪಿಲ್ಲ. ಬ್ಯಾಡಗಿಯ ಸಮೀಪದ ಒಂದು ಮೆಣಸಿನಕಾಯಿ ಹೊಲದಲ್ಲಿ ದೊರೆತ ಉತ್ತರವನ್ನು ಮಾತ್ರ ಮರೆಯಲಾರೆ.

ಕೆಲವು ವರ್ಷಗಳ ಹಿಂದಿನ ಮಾತು. ಅಣ್ಣತಮ್ಮಂದಿರಿಬ್ಬರು ಒಂದು ಒಡ್ಡಿಗಾಗಿ ಮಾತು ಬಿಟ್ಟಿದ್ದರು. ಅಣ್ಣನ ಮನೆಯಲ್ಲಿದ್ದ ಮುದಿ ತಾಯಿ ತಮ್ಮನ ಮಕ್ಕಳನ್ನು ಕಾಣುವಂತಿರಲಿಲ್ಲ. ಅಣ್ಣನು ವರ್ಷವರ್ಷವೂ ಒಡ್ಡನ್ನು ತನ್ನ ಹೊಲದೊಳಕ್ಕೆ ಸರಿಸುತ್ತಿದ್ದಾನೆಂದು ತಮ್ಮನು ನನ್ನೆದುರು ಕಣ್ಣೀರಿಟ್ಟನು. ನಾನು ಅಣ್ಣನನ್ನು ಕರೆಸಿದೆ. ಆದರೆ ಕೇಳುವುದಕ್ಕಲ್ಲ, ಬುದ್ಧಿ ಹೇಳುವುದಕ್ಕೆ. ನೆರೆಯವನ ಗಡಿಕಲ್ಲನ್ನು ಸರಿಸುವವನು ಶಾಪಗ್ರಸ್ತನೆಂಬ ಧರ್ಮೋಪದೇಶಕಾಂಡದ ವಿಧಿಯನ್ನೂ ನೆನಪಿಸಿದೆ. ಆತನು ಒಂದು ಮಾತನ್ನೂ ಆಡದೆ ಎದ್ದು ಹೋದನು.

ಕಡೆಗೆ ಇಬ್ಬರೂ ಒಪ್ಪಿ ನಿವೃತ್ತ ಭೂಮಾಪಕರೊಬ್ಬರನ್ನು ಕರೆಸಿದರು. 33 ಅಡಿಯ ಸರಪಳಿಗೆ 16 ಆಣೆ, 33 ಅಡಿ ಉದ್ದಗಲದ ನೆಲಕ್ಕೆ ಒಂದು ಗುಂಟೆ, 40 ಗುಂಟೆಗೆ ಒಂದು ಎಕರೆ ಎಂಬ ಹಳೆಯ ಲೆಕ್ಕದ ಟಿಪ್ಪಣಿ ಅವರ ಕೈಯಲ್ಲಿತ್ತು. ಮೂರು ಕಾಲಿನ ಮೇಲೆ ಹಿತ್ತಾಳೆಯ ಥಿಯೋಡೊಲೈಟ್ ಯಂತ್ರವನ್ನು ನಿಲ್ಲಿಸಿದರು. ಮೇಲೊಂದು ಚಿಕ್ಕ ದುರ್ಬೀನು. ಕೆಳಗೆ 360 ಅಂಶಗಳನ್ನು ಕೊರೆದ ವೃತ್ತಫಲಕ. ದೂರದ ಕೋಲನ್ನು ನೋಡಿ ಕೋನವನ್ನು ಬರೆದುಕೊಂಡರು. ಬಳಿಕ ದುರ್ಬೀನನ್ನು ಮಗುಚಿ, ಯಂತ್ರವನ್ನು ಅರ್ಧ ಸುತ್ತು ತಿರುಗಿಸಿ, ಅದೇ ಕೋಲನ್ನು ಮತ್ತೊಮ್ಮೆ ನೋಡಿದರು. ಏಕೆಂದು ಕೇಳಿದೆ.

“ಯಂತ್ರ ಎಷ್ಟ ಚಲೋ ಇದ್ರೂ ಅದರಾಗ ಸ್ವಲ್ಪ ಓರೆ ಇದ್ದೇ ಇರ್ತದ ಫಾದರ್. ತಿರುವಿ ನೋಡಿದ್ರ ಎಡಕ್ಕಿದ್ದ ತಪ್ಪು ಬಲಕ್ಕ ಬರ್ತದ. ಎರಡೂ ಕೂಡಿಸಿ ಅರ್ಧ ಮಾಡಿದ್ರ ತಪ್ಪು ಹೋಗ್ತದ” ಎಂದರು.

ಈ ವಿವೇಕಕ್ಕೆ ನಮ್ಮ ನಾಡಿನಲ್ಲಿ ದೀರ್ಘ ಚರಿತ್ರೆಯಿದೆ. 1802ರ ಏಪ್ರಿಲ್ 10ರಂದು ವಿಲಿಯಂ ಲ್ಯಾಂಬ್ಟನ್ ಮದರಾಸಿನ ಸಂತ ತೋಮಾಸರ ಬೆಟ್ಟದ ಬಳಿ ಸುಮಾರು 12 ಕಿಲೋಮೀಟರ್ ಉದ್ದದ ಆಧಾರರೇಖೆಯನ್ನು ಅಳೆಯಲು ಆರಂಭಿಸಿದನು. ಆ ರೇಖೆಯ ಎರಡೂ ತುದಿಗಳಿಂದ ದೂರದ ಒಂದು ಬೆಟ್ಟವನ್ನು ನೋಡಿ ಕೋನಗಳನ್ನು ಅಳೆದರೆ, ಅಲ್ಲಿಗೆ ನಡೆಯದೆಯೇ ಅದರ ದೂರವನ್ನು ಲೆಕ್ಕ ಹಾಕಬಹುದು. ಒಂದೇ ತುದಿಯಲ್ಲಿ ನಿಂತವನಿಗೆ ದಿಕ್ಕು ತಿಳಿದೀತು, ದೂರ ತಿಳಿಯದು. ಹೀಗೆ ತ್ರಿಕೋನಕ್ಕೆ ತ್ರಿಕೋನವನ್ನು ಹೆಣೆಯುತ್ತ ಆ ಮೋಜಣಿ ಬೆಂಗಳೂರನ್ನು ತಲುಪಿತು. ಅಲ್ಲಿ ತನ್ನ ಲೆಕ್ಕವನ್ನೇ ನಂಬಿ ಲ್ಯಾಂಬ್ಟನ್ ಮುಂದೆ ಸಾಗಲಿಲ್ಲ. 1804ರಲ್ಲಿ ಬೆಂಗಳೂರಿನ ಬಳಿ ಮತ್ತೊಂದು ರೇಖೆಯನ್ನು ನೆಲದ ಮೇಲೆಯೇ ಅಳೆಯಿಸಿ ಲೆಕ್ಕದೊಡನೆ ಹೋಲಿಸಿದನು. ವ್ಯತ್ಯಾಸ ಕೆಲವೇ ಅಂಗುಲಗಳು! 1808ರಲ್ಲಿ ತಂಜಾವೂರಿನ ದೇಗುಲದ ಗೋಪುರಕ್ಕೆ ಏರಿಸುವಾಗ ಹಗ್ಗ ಹರಿದು, ಸುಮಾರು ಅರ್ಧ ಟನ್ ತೂಕದ ಆತನ ಮಹಾ ಥಿಯೋಡೊಲೈಟ್ ಗೋಡೆಗೆ ಬಡಿದು ಜಖಂಗೊಂಡಿತು. ಆತನು ವಾರಗಟ್ಟಲೆ ಕುಳಿತು ಅದನ್ನು ತಾನೇ ಸರಿಪಡಿಸಿ ಕೆಲಸ ಮುಂದುವರಿಸಿದನು. ಆ ಮೋಜಣಿ ಆಳುವವರ ಅನುಕೂಲಕ್ಕೂ ಒದಗಿತೆಂಬುದು ನಿಜ. ಆದರೂ ತನ್ನ ಅಳತೆಯನ್ನು ತಾನೇ ಸಂಶಯಿಸುವ ಆ ಶಿಸ್ತು ಗೌರವಕ್ಕೆ ಅರ್ಹವಾದುದು.

ಹೊಲದಲ್ಲಿ ಮಧ್ಯಾಹ್ನದ ಹೊತ್ತಿಗೆ ಮಾಪಕರು ತೋರಿದೆಡೆ ಅಗೆದಾಗ, ಮೊಳದಾಳದಲ್ಲಿ ಹಳೆಯ ಬಾಂದುಕಲ್ಲು ಸಿಕ್ಕಿತು. ತಂದೆಯ ಕಾಲದಲ್ಲಿ ಮಳೆಗೆ ಒಡೆದ ಒಡ್ಡನ್ನು ಅಂದಾಜಿನ ಮೇಲೆ ಅಣ್ಣನ ಪಾಲಿನೊಳಗೆ ಕಟ್ಟಲಾಗಿತ್ತು. ಅಣ್ಣನು ಒಡ್ಡನ್ನು ಸರಿಸುತ್ತಿದ್ದುದು ನಿಜವೇ. ಆದರೆ ಅದರ ಮೂಲ ಸ್ಥಾನಕ್ಕೆ. ಇನ್ನೂ ಎರಡು ಮೊಳ ನೆಲ ತಮ್ಮನ ಕಡೆಯಲ್ಲಿಯೇ ಉಳಿದಿತ್ತು. ಹೇಳದೆ ಕೇಳದೆ ಸರಿಸಿದ್ದು ಅಣ್ಣನ ತಪ್ಪು. ತಮ್ಮನು ಸುಳ್ಳು ಹೇಳಿರಲಿಲ್ಲ. ಅವನು ನಿಂತ ತುದಿಯಿಂದ ಹಾಗೆಯೇ ಕಂಡಿತ್ತು. ಆದರೆ ನಾನು? ಒಂದೇ ತುದಿಯಲ್ಲಿ ನಿಂತು ದೂರವನ್ನೂ ಹೇಳಿಬಿಟ್ಟಿದ್ದೆ.

ಹಾಗಾದರೆ ಯಾರೂ ಯಾರ ವಿಷಯದಲ್ಲಿಯೂ ತೀರ್ಪು ಹೇಳಬಾರದೇ? ಹಾಗಲ್ಲ. ಯಂತ್ರದಲ್ಲಿ ಓರೆಯಿದೆಯೆಂದು ಮಾಪಕರು ಅಳೆಯುವುದನ್ನು ಬಿಡಲಿಲ್ಲ. ಇಬ್ಬರದೂ ಸರಿಯೆಂದು ಜಾರಿಕೊಳ್ಳಲೂ ಇಲ್ಲ. ಸತ್ಯವೆಂಬುದು ಒಂದಿದೆ, ಮಣ್ಣಿನಡಿ ಹೂತ ಕಲ್ಲಿನಂತೆ, ನಾವು ಕಂಡರೂ ಕಾಣದಿದ್ದರೂ ಅದು ತನ್ನ ಸ್ಥಳದಲ್ಲಿಯೇ ಇರುತ್ತದೆ. ಇನ್ನೊಂದು ಮಾತನ್ನೂ ಗಮನಿಸಬೇಕು. ಇಬ್ಬರ ಮಾತಿನ ನಡುವನ್ನು ಹಿಡಿಯುವುದು ರಾಜಿಯಾದೀತು, ನ್ಯಾಯವಾಗದು. ಮಾಪಕರು ಸರಾಸರಿ ತೆಗೆದದ್ದು ಅಣ್ಣತಮ್ಮಂದಿರ ಹಕ್ಕುಗಳ ನಡುವೆ ಅಲ್ಲ, ತಮ್ಮದೇ ಎರಡು ನೋಟಗಳ ನಡುವೆ. ಓರೆಯನ್ನು ಅವರು ಮೊದಲು ಹುಡುಕಿದ್ದು ತಮ್ಮ ಕಣ್ಣಿಗೆ ಹಿಡಿದ ಯಂತ್ರದಲ್ಲಿ.

ಮಾವಂದಿರ ಮಾತು ಕೇಳಿ ಸೊಸೆಯನ್ನು ಅಳೆಯುವಾಗ, ಶಿಕ್ಷಕರ ಮಾತು ಕೇಳಿ ಮಗನನ್ನು ಅಳೆಯುವಾಗ, ನಾವು ದುರ್ಬೀನನ್ನು ಒಮ್ಮೆಯಾದರೂ ತಿರುವಿ ನೋಡುತ್ತೇವೆಯೇ? ನನಗೆ ಪ್ರಿಯನಾದವನು ಇದನ್ನೇ ಮಾಡಿದ್ದರೆ ನನ್ನ ಮಾತು ಹೀಗೆಯೇ ಇರುತ್ತಿತ್ತೇ ಎಂದು ಕೇಳಿಕೊಳ್ಳುವುದೇ ಆ ಎರಡನೆಯ ನೋಟ.

ಅಂದು ಸಂಜೆ ಅಣ್ಣನ ಮನೆಗೆ ಹೋಗಿ, ನಾನು ತಪ್ಪು ಮಾಡಿದೆನೆಂದು ಹೇಳಿದೆ. ಆತನು ಬಹಳ ಹೊತ್ತು ಸುಮ್ಮನಿದ್ದು, “ಅವತ್ತ ಒಂದ ಮಾತು ಕೇಳಿದ್ರ ಸಾಕಿತ್ತು ಫಾದರ್” ಎಂದನು. ಒಳಗಿನಿಂದ ಚಹಾ ಬಂತು. ಆ ಎರಡು ಮೊಳ ನೆಲದ ಮಾತು ಬಗೆಹರಿಯಲು ಮುಂದೆ ಒಂದು ಸುಗ್ಗಿಯೇ ಬೇಕಾಯಿತು. ಆದರೆ ಮರುದಿನವೇ ತಮ್ಮನ ಮಕ್ಕಳು ಅಜ್ಜಿಯನ್ನು ಕಾಣಲು ಬಂದರು.