ಕೋವಿಗೆ ಹೂ, ಕೈಗೆ ಕೋವಿ

ಕೊಡಗಿನಲ್ಲಿ ನಾಟಿ ಮುಗಿದು ಗದ್ದೆಗಳು ಹಸಿರೇರುವ ಹೊತ್ತಿಗೆ, ಸೆಪ್ಟೆಂಬರ್ 3ರ ಆಸುಪಾಸಿನಲ್ಲಿ, ಕೊಡವರ ಕೈಲ್‌ಪೊಳ್ದ್ ಹಬ್ಬ ಬರುತ್ತದೆ. ಹಿಂದೆ ಬೇಸಾಯದ ತಿಂಗಳುಗಳಲ್ಲಿ ಬೇಟೆಗೆ ಬಿಡುವಿರುತ್ತಿರಲಿಲ್ಲ. ಕೋವಿಗಳು ಕುಲದ ಮೂಲಮನೆಯಾದ ಐನ್‌ಮನೆಯಲ್ಲಿ, ದೇವರ ಕೋಣೆಯಾದ ಕನ್ನಿಕೊಂಬರೆಯಲ್ಲಿ ಒರಗಿಕೊಂಡಿರುತ್ತಿದ್ದವು. ಹಬ್ಬದ ದಿನ ಅವನ್ನು ಹೊರಗೆ ತಂದು, ಒರೆಸಿ, ಗಂಧವಿಟ್ಟು, ಒಡಿಕತ್ತಿ ಪೀಚೆಕತ್ತಿಗಳ ಜೊತೆ ದೀಪದ ಮುಂದೆ ಇಡುತ್ತಾರೆ. ನೇಗಿಲು, ನೊಗಗಳಿಗೂ ಅಂದೇ ಪೂಜೆ. ಕೋವಿಯ ನಳಿಗೆಗೆ ಸಿಕ್ಕಿಸುವುದು ತೋಕ್‌ಪೂ: ಬುಡದಲ್ಲಿ ಹಳದಿ, ತುದಿಯಲ್ಲಿ ಕಡುಗೆಂಪು, ಅಂಚು ಅಲೆಅಲೆಯಾಗಿ ಮೇಲಕ್ಕೆ ಹೊರಳಿಕೊಂಡ ಆರು ಎಸಳು. ಬೇಲಿಸಾಲಿನಲ್ಲಿ ತಾನಾಗಿ ಬೆಳೆಯುವ ಈ ಬಳ್ಳಿಯ ಗೆಡ್ಡೆಯಲ್ಲಿ ಕಾಲ್ಚಿಸಿನ್ ಎಂಬ ವಿಷವಿದೆ. ಮನುಷ್ಯನ ಪ್ರಾಣ ತೆಗೆಯಲು ಅದೊಂದೇ ಸಾಕು.

ಪೂಜೆಯ ಬಳಿಕ ಒಕ್ಕದ, ಅಂದರೆ ಕುಲದ, ಹಿರಿಯರು ಒಂದು ಕೋವಿಯನ್ನೆತ್ತಿ ಕಿರಿಯನ ಕೈಗೆ ಕೊಡುತ್ತಾರೆ. ಆಮೇಲೆ ಊರ ಬಯಲಾದ ಮಂದ್‌ನಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ, ಮನೆಯಲ್ಲಿ ಕಡಂಬುಟ್ಟು, ಪಂದಿಕರಿ.

ಜೀವ ತೆಗೆಯಲೆಂದೇ ಮಾಡಿದ ವಸ್ತುವಿನ ಮುಂದೆ ಕೈ ಮುಗಿದಾಗ ಮನುಷ್ಯ ಯಾವುದಕ್ಕೆ ಕೈ ಮುಗಿಯುತ್ತಾನೆ? ಅಹಿಂಸೆಯನ್ನು ಪರಮಧರ್ಮವೆಂದು ಸಾರಿದ ನೆಲದಲ್ಲಿ ಈ ಪ್ರಶ್ನೆಯನ್ನು ‘ಅದು ಸಂಪ್ರದಾಯ’ ಎಂಬ ಒಂದೇ ಮಾತಿನಲ್ಲಿ ತಳ್ಳಿಹಾಕಲಾಗದು. ಹಳೆಯ ಕೋವಿಗಳನ್ನು ಕೂಡಿಡುವವರು, ಬತ್ತಿ ಹಚ್ಚಿ ಅವುಗಳಿಂದ ಇಂದಿಗೂ ಗುರಿ ಹೊಡೆಯುವವರು ಜಗತ್ತಿನ ಎಷ್ಟೋ ಕಡೆ ಇದ್ದಾರೆ. ಪೂಜೆ ಮಾಡಲಿ ಬಿಡಲಿ, ಈ ಪ್ರಶ್ನೆಗೆ ಅವರೂ ಉತ್ತರ ಹೇಳಬೇಕಾಗುತ್ತದೆ.

ಅತ್ಯಂತ ಕಟ್ಟುನಿಟ್ಟಾದ ಉತ್ತರ ಕೊಟ್ಟವರು ಜೈನರು. ದಿಗಂಬರ ಪರಂಪರೆಯ ಆಚಾರ್ಯ ಸಮಂತಭದ್ರರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಗೃಹಸ್ಥನು ಬಿಡಬೇಕಾದ ನಿಷ್ಪ್ರಯೋಜಕ ಪಾಪಗಳನ್ನು ಐದಾಗಿ ವಿಂಗಡಿಸುತ್ತಾರೆ. ಅವುಗಳಲ್ಲಿ ಒಂದು ಹಿಂಸಾದಾನ, ಅಂದರೆ ಹಿಂಸೆಯ ಸಾಧನಗಳನ್ನು ಇನ್ನೊಬ್ಬರಿಗೆ ಕೊಡುವುದು. ಆ ಸಾಧನಗಳ ಪಟ್ಟಿಯಲ್ಲಿ ಕತ್ತಿ, ಆಯುಧ, ವಿಷ, ಸಂಕೋಲೆಗಳ ಜೊತೆಗೆ ಕೊಡಲಿಯಿದೆ, ಗುದ್ದಲಿಯಿದೆ, ಬೆಂಕಿಯೂ ಇದೆ. ಬೇಸಾಯದ ಸಲಕರಣೆಯನ್ನೂ ಯುದ್ಧದ ಸಲಕರಣೆಯನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದ ಈ ಪಟ್ಟಿಗೂ ಕೈಲ್‌ಪೊಳ್ದ್‌ನ ಪೂಜೆಯ ಸಾಲಿಗೂ ಇರುವ ಹೋಲಿಕೆ ಬೆರಗು ಹುಟ್ಟಿಸುವಂಥದ್ದು. ಒಬ್ಬರು ಇವನ್ನೆಲ್ಲ ಕೊಡಬೇಡ ಎನ್ನುತ್ತಾರೆ, ಇನ್ನೊಬ್ಬರು ಇವುಗಳಿಗೆಲ್ಲ ಹೂವೇರಿಸುತ್ತಾರೆ. ಆದರೆ ಈ ವಸ್ತುಗಳಲ್ಲಿ ಸಾಮಾನ್ಯವಲ್ಲದ ಶಕ್ತಿಯಿದೆ, ಇವನ್ನು ಹಗುರವಾಗಿ ಕಾಣಬಾರದು ಎಂಬಲ್ಲಿ ಇಬ್ಬರದೂ ಒಂದೇ ಮತ. ಬೌದ್ಧರು ಉಪಾಸಕನಿಗೆ ನಿಷೇಧಿಸಿದ ಐದು ವ್ಯಾಪಾರಗಳಲ್ಲಿಯೂ ಆಯುಧ ಮಾರಾಟವೇ ಮೊದಲನೆಯದು. ಅಲ್ಲಿಯೂ ಆತಂಕವಿರುವುದು ಆಯುಧ ಕೈಯಿಂದ ಕೈಗೆ ದಾಟುವುದರ ಬಗ್ಗೆ.

ಆಧುನಿಕ ಕಾನೂನುಗಳು ಬೇರೆ ದಾರಿ ಹಿಡಿದಿವೆ. ಆಯುಧವೊಂದು ಯಾವಾಗ ಆಯುಧವಾಗಿ ಉಳಿಯುವುದಿಲ್ಲ ಎಂದು ಅವು ಹುಡುಕುತ್ತವೆ. ಅಮೆರಿಕದ 1968ರ ಕಾಯ್ದೆಯ ಪ್ರಕಾರ 1898ರಲ್ಲಿ ಅಥವಾ ಅದಕ್ಕೂ ಹಿಂದೆ ತಯಾರಾದ ಕೋವಿ ಪುರಾತನ ವಸ್ತು. ಸಾಮಾನ್ಯ ಬಂದೂಕಿನ ನಿಯಮಗಳು ಅದಕ್ಕಿಲ್ಲ. ಅಲ್ಲಿ ವಯಸ್ಸೇ ಕೋವಿಯ ದೋಷ ಕಳೆಯುತ್ತದೆ. ಭಾರತದ 1959ರ ಶಸ್ತ್ರಾಸ್ತ್ರ ಕಾಯ್ದೆಗೆ ವಯಸ್ಸು ಸಾಲದು. ಹಳೆಯ ಮಾದರಿಯದಾಗಿರಲಿ, ಪ್ರಾಚೀನ ಮೌಲ್ಯದ್ದಾಗಿರಲಿ, ರಿಪೇರಿ ಮಾಡಿದರೂ ಹಾರದಂತಿದ್ದರೆ ಮಾತ್ರ ಅದಕ್ಕೆ ಬಿಡುಗಡೆ. ಸತ್ತ ಕೋವಿಯಷ್ಟೇ ಇಲ್ಲಿ ನಿರಪರಾಧಿ. ಜಪಾನಿನ 1958ರ ಕಾಯ್ದೆ ಮೂರನೆಯ ಮಾರ್ಗ ಕಂಡುಕೊಂಡಿದೆ. ಅಲ್ಲಿ ಬತ್ತಿ ಕೋವಿಗಳು ಕಲಾವಸ್ತುವಾಗಿ ಅಥವಾ ಪ್ರಾಚೀನ ವಸ್ತುವಾಗಿ ಬೆಲೆಯುಳ್ಳವೆಂದು ಕಂಡರೆ ನೋಂದಣಿಯಾಗುತ್ತವೆ. ನೋಂದಾಯಿಸುವುದು ಪ್ರಾಂತದ ಶಿಕ್ಷಣ ಮಂಡಳಿ, ಪೊಲೀಸರಲ್ಲ.

ಆ ದೇಶಕ್ಕೆ ಬತ್ತಿ ಕೋವಿ ಬಂದದ್ದು 1543ರಲ್ಲಿ. ಚೀನೀ ಹಡಗೊಂದು ತನೆಗಶಿಮಾ ದ್ವೀಪದ ದಡ ಸೇರಿತು. ಅದರಲ್ಲಿದ್ದ ಪೋರ್ಚುಗೀಸರ ಬಳಿ ಕೋವಿಗಳಿದ್ದವು. ದ್ವೀಪದ ಯುವ ಒಡೆಯ ತೊಕಿತಕ ಎರಡನ್ನು ಕೊಂಡು ತನ್ನ ಕಮ್ಮಾರನ ಮುಂದಿಟ್ಟ. ಕೆಲವೇ ದಶಕಗಳಲ್ಲಿ ಸಕಾಯಿ, ಕುನಿತೊಮೊ ಊರುಗಳ ಕುಲುಮೆಗಳಿಂದ ಕೋವಿಗಳು ರಾಶಿರಾಶಿಯಾಗಿ ಹೊರಬಂದವು. 1575ರ ನಗಶಿನೊ ಯುದ್ಧದಲ್ಲಿ ಒಡ ನೊಬುನಗನ ಕೋವಿ ಪಡೆಯೆದುರು ತಕೆದ ಮನೆತನದ ಸೇನೆ ನೆಲಕಚ್ಚಿತು. ಇಂದು ತನೆಗಶಿಮಾದಲ್ಲಿ ಪ್ರತಿ ಬೇಸಿಗೆ ಕೋವಿಯ ಹೆಸರಲ್ಲೇ ಉತ್ಸವ ನಡೆಯುತ್ತದೆ. ಮತ್ಸುಮೊತೊ ಕೋಟೆಯಲ್ಲಿ ಹಳೆಯ ಕೋವಿಗಳ ದೊಡ್ಡ ಸಂಗ್ರಹವಿದೆ. ನಳಿಗೆಯ ಬಾಯಿಯಿಂದ ಮದ್ದು ತುಂಬುವ ಕೋವಿಗಳ ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಬತ್ತಿ ಕೋವಿಯ ಒಂದು ಸ್ಪರ್ಧೆಗೆ ತನೆಗಶಿಮಾ ಎಂದೂ ತಂಡದ ಸ್ಪರ್ಧೆಯೊಂದಕ್ಕೆ ನಗಶಿನೊ ಎಂದೂ ಹೆಸರು. ಸಾವಿರಾರು ಜನ ಸತ್ತ ರಣರಂಗದ ಹೆಸರನ್ನು ಆಟಕ್ಕಿಡುವುದು ಸರಿಯೇ ಎಂದು ಕೇಳುವವರ ಮಾತನ್ನು ತಳ್ಳಿಹಾಕಬಾರದು. ಕೋವಿ ಕಲೆಯ ವಸ್ತುವಾದ ಮೇಲೆ ಅದರ ಮುಂದೆ ಬಿದ್ದವರು ಮರೆತುಹೋಗುವುದು ಸುಲಭ.

ಆದರೂ ಆ ಪಂದ್ಯದ ಕಣದಲ್ಲಿ ನಿಂತು ನೋಡಿದರೆ ಕಾನೂನಿನ ಪುಸ್ತಕಕ್ಕೆ ಕಾಣದ ಒಂದು ಸಂಗತಿ ಕಾಣುತ್ತದೆ. ಗುರಿಕಾರನ ಬಳಿ ಮದ್ದಿನ ಡಬ್ಬಿ ಇರುವುದಿಲ್ಲ. ಒಂದೊಂದು ಈಡಿಗೆ ಬೇಕಾದಷ್ಟೇ ಮದ್ದನ್ನು ಪುಟ್ಟ ಪುಟ್ಟ ಸೀಸೆಗಳಲ್ಲಿ ಮೊದಲೇ ಅಳೆದು ತಂದಿರುತ್ತಾನೆ. ಹಿಂದಿನ ಈಡಿನ ಕಿಡಿ ನಳಿಗೆಯೊಳಗೆ ಉಳಿದಿದ್ದರೆ, ಡಬ್ಬಿಯಿಂದ ನೇರವಾಗಿ ಸುರಿದವನ ಕೈಯಲ್ಲೇ ಡಬ್ಬಿ ಸಿಡಿಯುತ್ತದೆ. ಸೀಸೆಯ ಮದ್ದನ್ನು ನಳಿಗೆಗೆ ಸುರಿದು, ಸೀಸದ ಗುಂಡು ಇಳಿಸಿ, ಗಜದಿಂದ ಒತ್ತಬೇಕು. ನಳಿಗೆಯ ಪಕ್ಕದ ಚಿಕ್ಕ ಬಟ್ಟಲಿಗೆ ನುಣ್ಣನೆಯ ಮದ್ದು ಹಾಕಿ ಮುಚ್ಚಳ ಎಳೆಯಬೇಕು. ಅಷ್ಟಾದ ಮೇಲೆ ಉರಿಯುವ ಬತ್ತಿಯನ್ನು ಹತ್ತಿರ ತರಬೇಕು, ಬೂದಿ ಹಾರುವಂತೆ ಊದಿ ಕೆಂಡ ಕೆಂಪಾದದ್ದನ್ನು ನೋಡಿ, ಬತ್ತಿ ಹಿಡಿಯುವ ಕೊಕ್ಕೆಯಾದ ‘ಕುದುರೆ’ಯ ಬಾಯಿಗೆ ಸಿಕ್ಕಿಸಬೇಕು. ಜಪಾನಿನ ಕೋವಿಗೆ ಹೆಗಲಿಗೆ ಊರುವ ಹಿಡಿಯಿಲ್ಲ. ಕೆನ್ನೆಗೆ ಆನಿಸಿಯೇ ಗುರಿ ಹಿಡಿಯುತ್ತಾರೆ. ಮುಚ್ಚಳ ಸರಿಸಿ ಟ್ರಿಗರ್ ಎಳೆದರೆ ಬತ್ತಿ ಬಟ್ಟಲಿಗೆ ಬಾಗುತ್ತದೆ, ಕಣ್ಣಿನ ಪಕ್ಕದಲ್ಲೇ ಭುಗ್ಗೆಂದು ಬೆಂಕಿ ಏಳುತ್ತದೆ, ಮರುಕ್ಷಣ ಈಡು ಹಾರುತ್ತದೆ. ಬಿಳಿ ಹೊಗೆ ಕರಗುವವರೆಗೆ ಗುರಿ ತಾಗಿತೋ ಇಲ್ಲವೋ ಗೊತ್ತಾಗುವುದಿಲ್ಲ.

ಈ ಮದ್ದು ಮುಕ್ಕಾಲು ಪಾಲು ಪೆಟ್ಲುಪ್ಪು, ಉಳಿದದ್ದು ಇದ್ದಿಲು ಮತ್ತು ಗಂಧಕ. ಉರಿದ ಮೇಲೆ ಅದರ ತೂಕದ ಅರ್ಧಕ್ಕಿಂತ ಹೆಚ್ಚು ಭಾಗ ಅನಿಲವಾಗದೆ ಘನವಾಗಿಯೇ ಉಳಿಯುತ್ತದೆ. ಹೊಗೆಯಲ್ಲಿ ಹೋಗದೆ ನಳಿಗೆಯೊಳಗೆ ಅಂಟಿಕೊಂಡ ಮಸಿ ಗಾಳಿಯ ತೇವವನ್ನು ಹೀರಿ ಕಬ್ಬಿಣವನ್ನು ತಿನ್ನತೊಡಗುತ್ತದೆ. ಅದೇ ದಿನ ನೀರು ಹಾಕಿ ತೊಳೆದು, ಒರೆಸಿ, ಎಣ್ಣೆ ಹಚ್ಚದಿದ್ದರೆ ನಾನೂರು ವರ್ಷ ಬಾಳಿದ ನಳಿಗೆ ತುಕ್ಕು ಹಿಡಿಯುತ್ತದೆ. ಸಂಗ್ರಾಹಕರಲ್ಲಿ ಹಲವರು ಹಳೆಯ ಕೋವಿಯನ್ನು ಹಾರಿಸುವುದೇ ಬೇಡ ಎನ್ನುವುದು ಇದಕ್ಕೇ. ಹಾರಿಸದ ಕೋವಿಯನ್ನು ಅರ್ಥ ಮಾಡಿಕೊಳ್ಳಲು ಬರುವುದಿಲ್ಲ ಎಂಬುದು ಇನ್ನುಳಿದವರ ವಾದ. ಎರಡನೆಯದರಲ್ಲಿ ಹೆಚ್ಚು ಸತ್ಯವಿದೆ. ಗಾಜಿನ ಕಪಾಟಿನಲ್ಲಿ ನೋಡಿದಾಗ ಕಾಣುವುದು ಬೆಳ್ಳಿಯ ಕೆತ್ತನೆ. ಹೊತ್ತಿದ ಬತ್ತಿಯನ್ನು ಮದ್ದಿನ ಪಕ್ಕ ಹಿಡಿದಾಗ ತಿಳಿಯುವುದು ಅದರ ಅಪಾಯ.

ಇಲ್ಲಿ ಜೈನರ ಕಡೆಗೆ ಮತ್ತೆ ತಿರುಗಬೇಕು. ‘ತತ್ತ್ವಾರ್ಥಸೂತ್ರ’ ಹಿಂಸೆಯನ್ನು ನಿರೂಪಿಸುವಾಗ ಪ್ರಾಣಹರಣದ ಜೊತೆಗೆ ಪ್ರಮಾದವನ್ನು, ಮೈಮರೆತ ಮನಸ್ಸಿನ ನಡೆಯನ್ನು, ಸೇರಿಸುತ್ತದೆ. ಹಿಂಸೆಯ ಬೇರು ಇರುವುದು ಕೈ ಹಿಡಿದ ವಸ್ತುವಿನಲ್ಲಿ ಎನ್ನುವುದಕ್ಕಿಂತ ಕೈಯ ಹಿಂದಿರುವ ಚಿತ್ತದಲ್ಲಿ ಎಂಬುದು ಈ ನಿರೂಪಣೆಯ ತಿರುಳು. ಬತ್ತಿ ಕೋವಿ ಮೈಮರೆತವನನ್ನು ಒಂದು ಕ್ಷಣವೂ ಸಹಿಸುವುದಿಲ್ಲ. ಹಾಗೆಂದು ಅದು ಅಹಿಂಸೆಯ ಪಾಠಶಾಲೆ ಎಂದು ಹೇಳಹೊರಟರೆ ಅತಿಯಾದೀತು. ನಗಶಿನೊದಲ್ಲಿ ಗುಂಡು ಹಾರಿಸಿದವರೂ ಬಹಳ ಎಚ್ಚರದಿಂದಲೇ ಹಾರಿಸಿದ್ದರು. ಎಚ್ಚರ ಬೇಕೇ ಬೇಕು, ಅದರ ಜೊತೆಗೆ ಕೊಂದದ್ದರ ಭಾರ ಹೊರುವ ಮನಸ್ಸೂ ಬೇಕು.

ಕೊಡವರಲ್ಲಿ ಆ ಭಾರಕ್ಕೂ ಒಂದು ವಿಧಿಯಿತ್ತು. ಹುಲಿ ಹೊಡೆದವನಿಗೆ ನರಿಮಂಗಲ ಮಾಡುತ್ತಿದ್ದರು. ಅಲ್ಲಿ ನರಿ ಎಂದರೆ ಹುಲಿ. ಕೊಂದವನನ್ನು ಮದುಮಗನಂತೆ ಸಿಂಗರಿಸಿ, ಸತ್ತ ಹುಲಿಯ ಜೊತೆಯಲ್ಲೇ ಕೂರಿಸಿ, ನೆಂಟರಿಷ್ಟರು ಮದುವೆಯಲ್ಲಿ ಮಾಡುವಂತೆ ಅಕ್ಕಿ ಹಾಕಿ ಹರಸುತ್ತಿದ್ದರು. ಅದನ್ನು ಬರಿಯ ವೀರಸನ್ಮಾನವೆಂದು ಓದುವುದು ರೂಢಿ. ಆದರೆ ಕೊಂದ ಪ್ರಾಣಿಯೊಡನೆ ಸಂಬಂಧ ಕಟ್ಟಿಸುವ ವಿಧಿಯಲ್ಲಿ ಮೆರೆದಾಟವನ್ನು ಮೀರಿದ ಅರಿವಿದೆ. ತೆಗೆದ ಜೀವದ ಜೊತೆ ಕೊಂದವನಿಗೆ ಆಯುಷ್ಯವಿಡೀ ನಂಟು ಉಳಿಯುತ್ತದೆ. ಕೋವಿಯ ದನಿ ಬೇಟೆಗಷ್ಟೇ ಮೀಸಲಾಗಿರಲಿಲ್ಲ. ಗಂಡುಮಗು ಹುಟ್ಟಿದರೆ ಒಂದು ಗುಂಡು, ಪುತ್ತರಿಯಲ್ಲಿ ಕದಿರು ಕೊಯ್ಯುವಾಗ ಒಂದು ಗುಂಡು, ಮನೆಯಲ್ಲಿ ಸಾವಾದರೆ ಜೋಡಿ ಗುಂಡು. ಬೆಟ್ಟದಾಚೆಯವರು ಈಡಿನ ಲೆಕ್ಕದಿಂದಲೇ ಸುದ್ದಿ ತಿಳಿಯುತ್ತಿದ್ದರು. ಹುಟ್ಟು, ಬೆಳೆ, ಸಾವು ಮೂರಕ್ಕೂ ದನಿಯಾಗುವ ವಸ್ತುವನ್ನು ಕೇವಲ ಕೊಲ್ಲುವ ಸಾಧನವೆಂದು ಕರೆದರೆ ಅರ್ಧ ಮಾತ್ರ ಹೇಳಿದಂತಾಗುತ್ತದೆ.

ಈ ಕೋವಿಗಳು ಕೊಡಗಿನಲ್ಲಿ ಉಳಿದುಕೊಂಡ ಕಥೆ ಅಷ್ಟು ನಿರ್ಮಲವಲ್ಲ, ಅದನ್ನೂ ಹೇಳಬೇಕು. ತನ್ನ ವಿರುದ್ಧ ಎದ್ದ 1837ರ ಬಂಡಾಯವನ್ನು ಅಡಗಿಸಲು ನೆರವಾದ ಕೊಡವರಿಗೆ ಕಂಪನಿ ಸರಕಾರ ಪದಕ ಹಂಚಿತ್ತು. 1857ರ ಬಳಿಕ ದೇಶದಲ್ಲೆಲ್ಲ ಜನರ ಆಯುಧ ಕಸಿದುಕೊಳ್ಳುವಾಗ, 1861ರಲ್ಲಿ, ಕಮಿಷನರ್ ಮಾರ್ಕ್ ಕಬ್ಬನ್ ಕೊಡವರಿಗೆ ವಿನಾಯಿತಿ ಕೊಟ್ಟ. ಅದು ಅವರ ಧರ್ಮಕ್ಕೆ ಸಂದ ಗೌರವ ಎನ್ನುವುದಕ್ಕಿಂತ ನಿಷ್ಠೆಗೆ ಸಂದ ಪ್ರತಿಫಲ. ಸ್ವತಂತ್ರ ಭಾರತವೂ ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಆ ವಿನಾಯಿತಿಯನ್ನು ಮುಂದುವರಿಸಿತು. ಅದನ್ನು ಪ್ರಶ್ನಿಸಿದ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ 2021ರಲ್ಲಿ ತಳ್ಳಿಹಾಕಿ ವಿನಾಯಿತಿಯನ್ನು ಎತ್ತಿಹಿಡಿಯಿತು. 2019ರ ಅಧಿಸೂಚನೆಯಂತೆ ಅದು 2029ರ ಅಕ್ಟೋಬರ್‌ವರೆಗೆ ನಡೆಯುತ್ತದೆ.

ಸಮಂತಭದ್ರರ ಎಚ್ಚರಿಕೆ ಇದ್ದದ್ದು ಕೊಡುವ ಕೈಯ ಬಗ್ಗೆ. ಸರಕಾರ ಕೋವಿಯನ್ನು ಅನುಮತಿಸುವಾಗ ನೋಡುವುದು ಹುಟ್ಟನ್ನು ಮತ್ತು ಹಿಡುವಳಿಯ ಕಾಗದವನ್ನು. ಕೈಲ್‌ಪೊಳ್ದ್ ದಿನ ಕೊಡುವ ಹಿರಿಯರಿಗೆ ಎದುರು ನಿಂತವನು ಬಾಲ್ಯದಿಂದ ಗೊತ್ತು. ಅವನ ಕುಡಿತ ಗೊತ್ತು, ಸಿಟ್ಟು ಗೊತ್ತು, ಅಣ್ಣತಮ್ಮಂದಿರ ಜೊತೆ ಅವನಿಗಿರುವ ಜಮೀನಿನ ಜಗಳವೂ ಗೊತ್ತು. ಯಾವ ಕಚೇರಿಗೂ ಇಲ್ಲದ ಈ ತಿಳಿವಳಿಕೆ ಹಿರಿಯರಲ್ಲಿರುವುದರಿಂದಲೇ ಹಬ್ಬದ ಹಸ್ತಾಂತರಕ್ಕೆ ಧಾರ್ಮಿಕ ತೂಕ ಬಂದಿದೆ. ಎಲ್ಲರಿಗೂ ತಿಳಿದ ಮುಂಗೋಪಿಯ ಕೈಗೂ ಕ್ರಮ ತಪ್ಪಬಾರದೆಂದು ಕೋವಿ ದಾಟಿದರೆ, ನಳಿಗೆಯಲ್ಲಿ ಎಷ್ಟು ತೋಕ್‌ಪೂ ಇದ್ದರೂ ಅದು ಹಿಂಸಾದಾನವೇ. ಬೇಟೆ ಕಾನೂನಿನಿಂದ ನಿಂತಿದೆ, ಹುಲಿ ಹೊಡೆದು ಮದುಮಗನಾಗುವ ಕಾಲ ಮುಗಿದಿದೆ. ತೆಂಗಿನಕಾಯಿಯ ಪಂದ್ಯದಲ್ಲಿ ಇಂದು ಹೆಣ್ಣುಮಕ್ಕಳೂ ಗುರಿ ಹಿಡಿಯುತ್ತಾರೆ. ಕೊಡುವವರು ಇನ್ನು ಕುಲ, ವಯಸ್ಸು, ಗಂಡಸುತನಗಳನ್ನು ಬದಿಗಿಟ್ಟು ಎದುರಿನವರ ಸಂಯಮವನ್ನು ನೋಡಿ ಕೊಡಲು ಯಾವ ಸಂಪ್ರದಾಯವೂ ಅಡ್ಡ ಬರುವುದಿಲ್ಲ, ಬೇಡವೆನಿಸಿದ ವರ್ಷ ಕೋವಿಯನ್ನು ದೀಪದ ಮುಂದೆಯೇ ಬಿಡುವುದಕ್ಕೂ.