ತಡವಾಗಿ ಬಂದ ಧೈರ್ಯ



ಅನ್ಯಾಯವನ್ನು ಕಂಡೂ ವರ್ಷಗಟ್ಟಲೆ ಸುಮ್ಮನಿದ್ದವನು ವಯಸ್ಸಾದ ಮೇಲೆ ಬಾಯಿ ತೆರೆದರೆ ಅದಕ್ಕೆ ಬೆಲೆ ಇದೆಯೇ? "ಇಷ್ಟು ದಿನ ಎಲ್ಲಿದ್ದೆ?" ಎಂದು ಕೇಳುತ್ತೇವೆ. ಕೇಳುವುದು ತಪ್ಪೂ ಅಲ್ಲ.

ಅಮೆರಿಕದ ಕಪ್ಪು ಜನಾಂಗದ ಓಟಗಾರ ರಾಲ್ಫ್ ಮೆಟ್‌ಕಾಫ್ ಹುಟ್ಟಿದ್ದು 1910ರಲ್ಲಿ. ಯೇಸುಸಭೆಯವರ ಮಾರ್ಕ್ವೆಟ್ ವಿಶ್ವವಿದ್ಯಾಲಯದಲ್ಲಿ ಓದುವಾಗ ಕಥೋಲಿಕರಾದರು. 1932ರ ಒಲಿಂಪಿಕ್ಸ್‌ನ 100 ಮೀಟರ್ ಓಟದಲ್ಲಿ ಅವರಿಗೂ ಎಡ್ಡಿ ಟೋಲನ್‌ಗೂ ಒಂದೇ ಸಮಯ, 10.3 ಸೆಕೆಂಡು, ಫಿಲ್ಮ್ ನೋಡಿ ಚಿನ್ನವನ್ನು ಟೋಲನ್‌ಗೆ ಕೊಟ್ಟರು. 1936ರ ಬರ್ಲಿನ್‌ನಲ್ಲಿ ಜೆಸ್ಸಿ ಓವೆನ್ಸ್ ಹಿಂದೆ ಮತ್ತೆ ಎರಡನೆಯವರು. ರಿಲೇಯಲ್ಲಿ ಚಿನ್ನ ಸಿಕ್ಕಿತು, ಆದರೆ ಇಬ್ಬರು ಯೆಹೂದ್ಯ ಓಟಗಾರರನ್ನು ಕೊನೆಗಳಿಗೆಯಲ್ಲಿ ಕೈಬಿಟ್ಟ ತಂಡವದು.

ಮುಂದೆ ನ್ಯೂ ಆರ್ಲಿಯನ್ಸ್‌ನ ಕಥೋಲಿಕ ಕ್ಸೇವಿಯರ್ ವಿಶ್ವವಿದ್ಯಾಲಯದಲ್ಲಿ ಕಪ್ಪು ಯುವಕರಿಗೆ ತರಬೇತಿ ಕೊಟ್ಟರು. 1955ರಲ್ಲಿ ಷಿಕಾಗೊ ನಗರಸಭೆಗೆ, 1970ರಲ್ಲಿ ಸಂಸತ್ತಿಗೆ ಆಯ್ಕೆಯಾದರು. ಬೆನ್ನಿಗಿದ್ದದ್ದು ಮೇಯರ್ ರಿಚರ್ಡ್ ಡೇಲಿಯ ಪಕ್ಷಬಲ. ಮೇಯರ್ ಮಾತಿಗೆ ತಲೆಯಾಡಿಸುವವರೆಂದು ಸ್ವಂತ ಜನರೇ ಆಡಿಕೊಂಡರು. ಆದರೆ ವಾರ್ಡಿನ ಬಡವರಿಗೆ ಕೆಲಸ ಸಿಗುತ್ತಿದ್ದದ್ದೂ ಪಕ್ಷದ ಮೂಲಕವೇ. ಒಳಗಿದ್ದರೆ ತಾನೇ ಏನಾದರೂ ಮಾಡಿಸಬಹುದು? ಈ ವಾದವನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ; ಗುರುಗಳಾದ ನಾವೂ ಎಷ್ಟೋ ಸಲ ಇದರ ನೆರಳಿನಲ್ಲೇ ಕುಳಿತಿದ್ದೇವೆ.

1972ರಲ್ಲಿ ಕಪ್ಪು ಜನಾಂಗದ ಒಬ್ಬ ದಂತವೈದ್ಯರಿಗೆ ಕಾರು ನಡೆಸುವಾಗಲೇ ಪಾರ್ಶ್ವವಾಯು ಬಡಿಯಿತು. ಕುಡಿದಿದ್ದಾನೆಂದು ಪೊಲೀಸರು ಲಾಕಪ್ಪಿಗೆ ಹಾಕಿದರು. ಬಂದು ಮಾತಾಡಿ ಎಂದು ಮೆಟ್‌ಕಾಫ್ ಮೇಯರನ್ನು ತಮ್ಮ ಕಚೇರಿಗೆ ಕರೆದರು. ಮೇಯರ್ ಬರಲಿಲ್ಲ. ಅಲ್ಲಿಗೆ ನಂಟು ಹರಿಯಿತು. ಕಪ್ಪು ಮನುಷ್ಯನಾಗಲು ಎಂದಿಗೂ ತಡವಾಗುವುದಿಲ್ಲ ಎಂದರು. ಆಗ ಅವರಿಗೆ 61 ವರ್ಷ.

ಇಂಥವರ ಬಗ್ಗೆ ದ್ರಾಕ್ಷಿತೋಟಕ್ಕೆ ಸಂಜೆ ಬಂದ ಕೂಲಿಯಾಳುಗಳ ಸಾಮತಿ ಹೇಳುವುದು ವಾಡಿಕೆ. ನನಗದು ಪೂರಾ ಒಪ್ಪುವುದಿಲ್ಲ. ಆ ಆಳುಗಳನ್ನು ಯಾರೂ ಕರೆದಿರಲಿಲ್ಲ. ಇವರು ಬೇರೆಯವರ ಕೂಲಿಯಲ್ಲಿದ್ದರು. ಮತ್ತಾಯನ ಮುಂದಿನ ಅಧ್ಯಾಯದ ಮಗ ಇವರಿಗೆ ಹತ್ತಿರ: ಮೊದಲು ಒಲ್ಲೆನೆಂದು, ಆಮೇಲೆ ಮನಸ್ಸು ಬದಲಿಸಿ ತೋಟಕ್ಕೆ ಹೋದವನು. ಮಾಡಬೇಕಾದದ್ದನ್ನು ಮಾಡದಿರುವುದೂ ಪಾಪವೆಂದು ಸಂತ ತೋಮಸ್ ಅಕ್ವಿನಾಸ್ ಕಲಿಸಿದ್ದಾರೆ. ಕಳೆದ ವರ್ಷಗಳ ಮೌನ ಇಲ್ಲದಂತಾಗಲಿಲ್ಲ. ಆದರೆ ಇಪ್ಪತ್ತರ ಹುಡುಗನಿಗೆ ಕಳೆದುಕೊಳ್ಳಲು ಏನಿರುತ್ತದೆ? ಇವರು ವಾರ್ಡಿನ ಮೇಲಿದ್ದ ಅಧಿಕಾರವನ್ನೇ ಕಳೆದುಕೊಂಡರು.

1976ರಲ್ಲಿ ಡೇಲಿಯ ಬಣ ಪಕ್ಷದೊಳಗೇ ಎದುರಾಳಿಯನ್ನು ನಿಲ್ಲಿಸಿತು. ಇಷ್ಟು ದಿನ ಎಲ್ಲಿದ್ದೆ ಎಂದು ಕೇಳುವ ಹಕ್ಕಿದ್ದವರು ಆ ಕ್ಷೇತ್ರದ ಕಪ್ಪು ಜನ. ಅವರು ಭಾರೀ ಬಹುಮತದಿಂದ ಮೆಟ್‌ಕಾಫ್‌ರನ್ನೇ ಗೆಲ್ಲಿಸಿದರು.