ಗಣಿಯ ಗುಡಿಸಲೂ ನೆನಪಿನ ಋಣವೂ

ಒಂದು ನಾಡು ತನ್ನ ಪೂರ್ವಿಕರ ಕೆಲಸಗಳಲ್ಲಿ ಯಾವುದನ್ನು ಕಾಪಾಡತಕ್ಕದ್ದು, ಯಾವುದನ್ನು ಕಾಲದ ಕೈಗೆ ಬಿಟ್ಟುಕೊಡತಕ್ಕದ್ದು ಎಂಬುದು ಕೇವಲ ಶಿಲ್ಪಶಾಸ್ತ್ರದ ಪ್ರಶ್ನೆಯಲ್ಲ. ಅದು ಧರ್ಮದ ಪ್ರಶ್ನೆಯೂ ಹೌದು. ದೇವಾಲಯ, ಕೋಟೆ, ಅರಮನೆಗಳ ವಿಷಯದಲ್ಲಿ ಯಾರಿಗೂ ಸಂದೇಹವಿಲ್ಲ. ಅವು ಚೆಲುವಾದವು, ಗಟ್ಟಿಯಾದವು. ಅವುಗಳ ಬೆನ್ನಿಗೆ ಅರಸರ ಹೆಸರುಗಳಿವೆ. ಆದರೆ ಬಿದಿರು ತಟ್ಟಿಗೆ ಮಣ್ಣು ಮೆತ್ತಿ ನಿಲ್ಲಿಸಿದ ಗುಡಿಸಲನ್ನು ಕಾಪಾಡಬೇಕೆಂದರೆ ಬುದ್ಧಿವಂತರೂ ನಗುವುದುಂಟು. ಆ ನಗೆ ನ್ಯಾಯವಾದುದೆ ಎಂಬುದು ಕೋಲಾರದ ಚಿನ್ನದ ಗಣಿಗಳ ಸೀಮೆಯಲ್ಲಿ ವಿಚಾರಮಾಡತಕ್ಕ ಮಾತು.

ಜಾನ್ ಟೇಲರ್ ಸಂಸ್ಥೆಯವರು 1880ರಲ್ಲಿ ಈ ಗಣಿಗಳ ಕೆಲಸಕ್ಕೆ ಕೈಯಿಟ್ಟರು. ಅದು ಮೊದಲಾಗಿ 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚುವವರೆಗೆ ಸುಮಾರು 800 ಟನ್ನು ಚಿನ್ನ ಇಲ್ಲಿಂದ ಹೊರಬಿತ್ತು. ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿಯಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಬೆಂಗಳೂರಿಗಿಂತ ಮೊದಲು ಬಂದು ಸೇರಿದ್ದು ಈ ಗಣಿಗಳನ್ನು. ಈ ವೈಭವಕ್ಕೆ ತೋಳು ಕೊಟ್ಟವರು ಬಹುಮಟ್ಟಿಗೆ ಆರ್ಕಾಟು, ಚಿತ್ತೂರು, ಸೇಲಂ ಸೀಮೆಗಳಿಂದ ಬಂದ ಬಡವರು. ಅವರಲ್ಲಿ ಅನೇಕರು ಊರು ಹೊರಗಿಟ್ಟಿದ್ದ ಜನ. ಭೂಮಿಯ ಮೇಲೆ ಒಂದು ಗೇಣು ನೆಲವಿಲ್ಲದವರು ಅನ್ನಕ್ಕಾಗಿ ಭೂಮಿಯ ಒಳಗೆ ಇಳಿದರು. ಅಧಿಕಾರಿಗಳಿಗೆ ತೋಟವುಳ್ಳ ಬಂಗಲೆಗಳಿದ್ದುವು. ಇವರಿಗೆ ತಟ್ಟಿಯ ಗುಡಿಸಲುಗಳ ಸಾಲು. ಅದಕ್ಕೆ 'ಲೈನು' ಎಂದೇ ಹೆಸರಾಯಿತು. ಬಂಡೆ ಸಿಡಿದು ಸತ್ತವರೂ, ಕಲ್ಲಿನ ಧೂಳನ್ನು ಕುಡಿದು ಎದೆ ಸವೆದು ಸತ್ತವರೂ ಹೊರಟುಹೋದದ್ದು ಆ ಸಾಲುಗಳ ಬಾಗಿಲುಗಳಿಂದಲೇ.

ಹೆಸರುಗಳ ಕಥೆ ಇನ್ನೂ ವಿಚಿತ್ರವಾದುದು. ಗಣಿಗೆ ಹೋಗುವ ರೈಲುದಾರಿ ಕವಲೊಡೆಯುವ ಊರಿಗೆ ಮೊದಲು ಬೌರಿಂಗ್ ಎಂಬ ಕಮಿಷನರರ ಹೆಸರಿತ್ತು. ಬೌರಿಂಗ್‌ಪೇಟೆ ಮುಂದೆ ಬಂಗಾರಪೇಟೆಯಾಯಿತು. ಅಧಿಕಾರಿಯ ಹೆಸರು ಹೋಗಿ ಬಂಗಾರದ ಹೆಸರು ಬಂದಿತು. ಬಂಗಾರವನ್ನು ತೆಗೆದವನ ಹೆಸರು ಮಾತ್ರ ಬರಲಿಲ್ಲ. ಅವನ ಕೈಯ ಗುರುತು ಉಳಿದಿದ್ದರೆ ಅವನು ಕೊರೆದ ಕತ್ತಲೆಯಲ್ಲಿ, ಇಲ್ಲವೆ ಅವನು ಬಾಳಿದ ಲೈನಿನಲ್ಲಿ. ಕತ್ತಲೆಯಲ್ಲಿ ಈಗ ನೀರು ತುಂಬಿದೆ. ಉಳಿದುದು ಲೈನು ಒಂದೇ.

ಇಲ್ಲಿ ಒಂದು ಬಲವಾದ ಆಕ್ಷೇಪವುಂಟು. ಲೈನುಗಳು ಹಳೆಯ ಕಾಲದ ಅವಶೇಷಗಳಲ್ಲ; ಗಣಿಗಾರರ ಮಕ್ಕಳು ಮೊಮ್ಮಕ್ಕಳು ಇಂದಿಗೂ ಅಲ್ಲಿ ಸಂಸಾರ ಹೂಡಿದ್ದಾರೆ. ನಸುಕಿಗೆ ಎದ್ದು ಮಾರಿಕುಪ್ಪಂ ರೈಲು ಹತ್ತಿ, ಬಂಗಾರಪೇಟೆಯನ್ನು ಹಾದು, ಕೂಲಿಗಾಗಿ ಬೆಂಗಳೂರಿಗೆ ಹೋಗಿ ಕತ್ತಲಾದ ಮೇಲೆ ಹಿಂದಿರುಗುವವರು ಅವರು. ಅಂಥವರ ಮುಂದೆ ನಿಂತು 'ನಿಮ್ಮ ಗುಡಿಸಲು ಚರಿತ್ರೆಯ ನಿಧಿ, ಅದನ್ನು ಕೆಡಿಸಬೇಡಿ' ಎಂದು ಉಪದೇಶಿಸುವುದು ಉಂಡವನು ಹಸಿದವನಿಗೆ ಉಪವಾಸದ ಮಹಿಮೆಯನ್ನು ಹೇಳಿದಂತೆ. ಸೋರುವ ಮಾಡಿನ ಕೆಳಗೆ ಮಲಗುವವನಿಗೆ ಬೇಕಾದುದು ಒಳ್ಳೆಯ ಮಾಡು; ಕೀರ್ತಿಯಲ್ಲ. ಅವಮಾನದ ಗುರುತನ್ನು ಅಳಿಸಿಹಾಕುವುದಕ್ಕೂ ಅವನಿಗೆ ಹಕ್ಕುಂಟು.

ಈ ಆಕ್ಷೇಪ ಸತ್ಯ. ಆದರೆ ಅರ್ಧ ಸತ್ಯ. ಗುಡಿಸಲು ಅವಮಾನದ ಗುರುತೆಂದು ಒಪ್ಪಿದರೂ, ಆ ಅವಮಾನ ಯಾರದು? ಒಳಗೆ ಬಾಳಿದವನದಲ್ಲ, ಅಷ್ಟು ಚಿನ್ನವನ್ನು ಪಡೆದು ಇಷ್ಟೇ ನೆರಳನ್ನು ಕೊಟ್ಟವರದು. ಲೈನುಗಳನ್ನೆಲ್ಲ ನೆಲಸಮಮಾಡಿ ಬಂಗಲೆಗಳನ್ನೂ ಕ್ಲಬ್ಬನ್ನೂ ಮಾತ್ರ ಉಳಿಸಿಕೊಂಡರೆ, ನಾಳೆಯ ಮಗು ಚಿನ್ನವು ತಾನಾಗಿ ಮೇಲೆ ಬಂದಿತೆಂದು ತಿಳಿದೀತು. ಸಾಲದ ಪತ್ರವನ್ನು ಸುಡುವುದು ಸಾಲಗಾರನಿಗೆ ಲಾಭ, ಕೊಟ್ಟವನಿಗಲ್ಲ.

ಸಾಮಾನ್ಯನನ್ನು ನೆನೆಯುವುದು ಈ ಸೀಮೆಗೆ ಹೊಸ ಪಾಠವೂ ಅಲ್ಲ. ತುರುಗಳನ್ನು ಬಿಡಿಸಿಕೊಳ್ಳಲು ಹೋಗಿ ಮಡಿದ ಹಳ್ಳಿಯವನಿಗೆ ವೀರಗಲ್ಲು ನಿಲ್ಲಿಸಿದ ನಾಡು ಇದು. ಕೋಲಾರದ ಹೊಲಗಳ ಅಂಚಿನಲ್ಲಿ ಅಂಥ ಕಲ್ಲುಗಳು ಇಂದಿಗೂ ನಿಂತಿವೆ. ಇಲ್ಲಿ ಮೇಸ್ತ್ರಿಗಳಾಗಿ ಬಂದ ಇಂಗ್ಲೆಂಡಿನ ಕಾರ್ನ್‌ವಾಲ್ ಜನರ ತವರಿನಲ್ಲಿ ಗಣಿಯ ಯಂತ್ರಶಾಲೆಗಳೊಡನೆ ಗಣಿಗಾರರ ಮನೆಗಳೂ 2006ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದುವು. ಮೇಸ್ತ್ರಿಯ ಮನೆಗೆ ಸಂದ ಮರ್ಯಾದೆ ಅವನ ಮಾತಿನಂತೆ ಸುರಂಗಕ್ಕೆ ಇಳಿದವನ ಮನೆಗೆ ಸಲ್ಲಬಾರದೆಂಬುದಕ್ಕೆ ಯಾವ ಶಾಸ್ತ್ರದ ಆಧಾರವಿದೆ?

ಆದುದರಿಂದ ಕ್ರಮವನ್ನು ತಿಳಿದು ನಡೆಯಬೇಕು. ಬದುಕಿರುವವರ ಋಣ ಮೊದಲು, ಸತ್ತವರ ಋಣ ಆಮೇಲೆ. ಲೈನಿನವರಿಗೆ ನೆಲದ ಹಕ್ಕೂ ನೆಮ್ಮದಿಯ ಮನೆಯೂ ದೊರೆಯಲಿ. ಅನಂತರ ಅವರ ಒಪ್ಪಿಗೆಯಿಂದ, ಅವರೇ ಆರಿಸಿದ ಒಂದು ಸಾಲು ಇದ್ದಂತೆಯೇ ಉಳಿಯಲಿ; ಅದರ ಕಥೆಯನ್ನು ಹೇಳುವವರೂ ಅವರೇ ಆಗಲಿ. ಆ ಸಾಲಿನ ಗೋಡೆಯ ಮೇಲೆ ಮಡಿದವರ ಹೆಸರುಗಳು ಬರೆಯಲ್ಪಡಲಿ. ಬಡತನವನ್ನು ಕಾಪಾಡುವುದು ಪಾಪ. ಬಡವನ ದುಡಿಮೆಯನ್ನು ಮರೆಯುವುದು ಅದಕ್ಕಿಂತ ಸಣ್ಣ ಪಾಪವೇನಲ್ಲ. ಈ ಎರಡರ ನಡುವಣ ದಾರಿ ಇಕ್ಕಟ್ಟಾದುದು ನಿಜ. ಆದರೆ ಸುರಂಗದ ಇಕ್ಕಟ್ಟಿನಲ್ಲಿ ಜೀವಮಾನವನ್ನೇ ಕಳೆದವರಿಗಾಗಿ ನಾಡು ಅಷ್ಟು ದೂರವಾದರೂ ಬಗ್ಗಿ ನಡೆಯಬಾರದೆ?